ಗಾಳಿಯ ಬಲದಿಂದ ನಿಲ್ಲುವ ಬಸ್ಸು

ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರಾದಿಂದ ಶಿರಾಕ್ಕೆ ಬಸ್ಸಿನಲ್ಲಿ ಹೋಗುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ರಾತ್ರಿಯೆಲ್ಲ ನಿಂತಿದ್ದ ಬಸ್ಸನ್ನು ಬೆಳಿಗ್ಗೆ ಚಾಲೂ ಮಾಡಿದ ಚಾಲಕರು ಕೆಲವೊಮ್ಮೆ ಕೂಡಲೇ ಹೊರಡುವುದಿಲ್ಲ. ಎದುರಿನ ಮಾಪಕವನ್ನು ನೋಡುತ್ತ ಸ್ವಲ್ಪ ಹೊತ್ತು ಕಾಯುತ್ತಾರೆ. ಅವರು ಕಾಯುವುದು ಗಾಳಿಗಾಗಿ. ಬಸ್ಸು, ಲಾರಿಗಳಂತಹ ಭಾರೀ ವಾಹನಗಳನ್ನು ನಿಲ್ಲಿಸುವ ಶಕ್ತಿ ಗಾಳಿಯದೇ. ಅದು ಹೇಗೆಂಬುದನ್ನು ತಿಳಿಯೋಣ.

ಹುಟ್ಟಿದ ಬಗೆ

ಸೈಕಲ್ಲನ್ನು ಕೈಬಲದಿಂದ ನಿಲ್ಲಿಸಬಹುದು. ಹತ್ತಾರು ಟನ್ ತೂಗುವ ವಾಹನಕ್ಕೆ ಮನುಷ್ಯನ ಕಾಲಿನ ಬಲವೊಂದೇ ಸಾಲದು. ಈ ಕಷ್ಟ ಮೊದಲು ರೈಲಿಗೆ ಎದುರಾಯಿತು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬವರು 1869ರಲ್ಲಿ ರೈಲಿನ ಏರ್ ಬ್ರೇಕಿಗೆ ಪೇಟೆಂಟ್ ಪಡೆದರು. ಮುಂದೆ ಅದೇ ತತ್ತ್ವ ರಸ್ತೆಯ ವಾಹನಗಳಿಗೂ ಬಂದಿತು. ನಮ್ಮ ದೇಶದಲ್ಲಿ ಇಂತಹ ಬ್ರೇಕುಗಳ ತಯಾರಿಕೆಗೆ ಮದರಾಸಿನಲ್ಲಿ 1962ರಲ್ಲಿ ಸ್ಥಾಪನೆಯಾದ ಸುಂದರಂ ಕ್ಲೇಟನ್ ಸಂಸ್ಥೆ ಹೆಸರಾಯಿತು.

ಒತ್ತಡ ಕೂಡುವುದು

ಇಂಜಿನ್ನಿನಿಂದ ನಡೆಯುವ ಕಂಪ್ರೆಸರ್ ಸೈಕಲ್ ಪಂಪಿನ ಹಿರಿಯಣ್ಣನಿದ್ದಂತೆ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ಒಂದು ಕವಾಟದ ಮೂಲಕ ಒಳಬರುತ್ತದೆ. ಪಿಸ್ಟನ್ ಮೇಲೇರಿದಾಗ ಆ ಗಾಳಿ ಒತ್ತಲ್ಪಟ್ಟು ಇನ್ನೊಂದು ಕವಾಟದಿಂದ ಟ್ಯಾಂಕನ್ನು ಸೇರುತ್ತದೆ. ಉಷ್ಣತೆ ಬದಲಾಗದಿದ್ದರೆ, ಗಾಳಿಯನ್ನು ಅರ್ಧ ಜಾಗಕ್ಕೆ ಒತ್ತಿದಾಗ ಅದರ ಒತ್ತಡ ಎರಡರಷ್ಟಾಗುತ್ತದೆ. ಇದು 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮ.

ಒತ್ತಿದ ಗಾಳಿ ಬಿಸಿಯಾಗುತ್ತದೆ. ತಣಿದಾಗ ಅದರಲ್ಲಿನ ತೇವ ನೀರಾಗುತ್ತದೆ. ನೀರು ನಿಂತರೆ ಟ್ಯಾಂಕಿಗೆ ತುಕ್ಕು ಹಿಡಿಯುವುದಲ್ಲದೆ ಗಾಳಿಗೆ ಜಾಗವೂ ಕಡಿಮೆಯಾಗುತ್ತದೆ. ಆದುದರಿಂದ ಗಾಳಿಯನ್ನು ಒಣಗಿಸುವ ಸಾಧನವಿರುತ್ತದೆ. ಟ್ಯಾಂಕಿನ ತಳದ ಕವಾಟ ತೆರೆದು ನೀರನ್ನು ಹೊರಬಿಡುವ ಏರ್ಪಾಡೂ ಉಂಟು.

ಒತ್ತಡಕ್ಕೆ ಕಡಿವಾಣ

ಇಂಜಿನ್ ಓಡುವವರೆಗೂ ಕಂಪ್ರೆಸರ್ ತಿರುಗುತ್ತಲೇ ಇರುತ್ತದೆ. ಹಾಗಾದರೆ ಟ್ಯಾಂಕು ಒಡೆಯುವುದಿಲ್ಲವೇ? ಇದನ್ನು ತಡೆಯುವುದು ಗವರ್ನರ್. ಅದರೊಳಗೊಂದು ಬಿಗಿಯಾದ ಸ್ಪ್ರಿಂಗು ಇದೆ. ಟ್ಯಾಂಕಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 8 ಕಿಲೋಗ್ರಾಂ ಆದಾಗ ಗಾಳಿಯು ಸ್ಪ್ರಿಂಗನ್ನು ತಳ್ಳುತ್ತದೆ. ಆಗ ಟ್ಯಾಂಕಿಗೆ ಗಾಳಿ ಹೋಗುವುದು ನಿಲ್ಲುತ್ತದೆ. ಒತ್ತಡ 7ರ ಸುಮಾರಿಗೆ ಇಳಿದರೆ ಸ್ಪ್ರಿಂಗು ಹಿಂದಕ್ಕೆ ಬಂದು ಟ್ಯಾಂಕು ಮತ್ತೆ ತುಂಬತೊಡಗುತ್ತದೆ. ಈ ಅಂಕೆಗಳು ವಾಹನದಿಂದ ವಾಹನಕ್ಕೆ ಸ್ವಲ್ಪ ಬೇರೆಯಾಗುತ್ತವೆ. ಓಡುವ ಬಸ್ಸಿನ ಅಡಿಯಿಂದ ಆಗಾಗ ಕೇಳುವ 'ಟುಸ್' ಎಂಬ ಸದ್ದಿಗೆ ಇದೂ ಒಂದು ಕಾರಣ. ಗವರ್ನರ್ ಕೆಟ್ಟರೆ ಹೆಚ್ಚಿನ ಗಾಳಿಯನ್ನು ಹೊರಬಿಡಲು ಸುರಕ್ಷತಾ ಕವಾಟವಿದೆ.

ಬ್ರೇಕ್ ಒತ್ತಿದಾಗ

ಚಾಲಕರ ಕಾಲು ಕವಾಟವನ್ನು ತೆರೆಯುತ್ತದೆ, ಅಷ್ಟೇ. ಮೆಲ್ಲಗೆ ಒತ್ತಿದರೆ ಕಡಿಮೆ ಒತ್ತಡ, ಬಲವಾಗಿ ಒತ್ತಿದರೆ ಹೆಚ್ಚು ಒತ್ತಡ ಚಕ್ರದ ಬಳಿಯ ಡಬ್ಬಿಗೆ ತಲಪುತ್ತದೆ. ಅಲ್ಲಿನ ರಬ್ಬರ್ ಪೊರೆಯ ವಿಸ್ತೀರ್ಣ 150 ಚದರ ಸೆಂಟಿಮೀಟರ್, ಒತ್ತಡ 6 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. 150 × 6 = 900 ಕಿಲೋಗ್ರಾಂ ಬಲ! ಈ ಬಲ ಸರಳನ್ನು ತಳ್ಳಿ, ಬ್ರೇಕ್ ಶೂಗಳನ್ನು ತಿರುಗುವ ಡ್ರಮ್ಮಿಗೆ ಒತ್ತುತ್ತದೆ. ಕಾಲು ತೆಗೆದಾಗ ಗಾಳಿ ಹೊರಹೋಗಿ ಚಕ್ರ ಬಿಡುಗಡೆಯಾಗುತ್ತದೆ.

ಗಾಳಿ ಸೋರಿದರೆ?

ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆಬೇರೆ ಟ್ಯಾಂಕುಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ನೆರವಾಗುತ್ತದೆ. ಈಗಿನ ಬಹುತೇಕ ಭಾರೀ ವಾಹನಗಳ ಹಿಂದಿನ ಚಕ್ರಗಳಲ್ಲಿ ಬಲವಾದ ಸ್ಪ್ರಿಂಗುಗಳೂ ಇವೆ. ಅವುಗಳನ್ನು ಹಿಂದಕ್ಕೆ ಹಿಡಿದಿಡುವುದು ಗಾಳಿ. ಗಾಳಿ ತೀರ ಕಡಿಮೆಯಾದರೆ ಸ್ಪ್ರಿಂಗುಗಳೇ ಬ್ರೇಕನ್ನು ಹಿಡಿಯುತ್ತವೆ. ಅದಕ್ಕೂ ಮುಂಚೆ ದೀಪವೋ ಗಂಟೆಯೋ ಎಚ್ಚರಿಸುತ್ತದೆ. ಆಗ ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಲೇಬೇಕು.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಇಂಜಿನ್ ಆರಿಸುವುದು ಬಹಳ ಅಪಾಯಕರ. ಕಂಪ್ರೆಸರ್ ನಿಲ್ಲುತ್ತದೆ, ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಟ್ಯಾಂಕಿನ ಗಾಳಿ ಕರಗುತ್ತದೆ. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯುವುದೇ ಸರಿಯಾದ ಕ್ರಮ. ಮನೆಯಲ್ಲಿ ಲಾರಿ ಓಡಿಸುವವರಿದ್ದರೆ ಈ ಮಾತನ್ನು ಅವರೊಡನೆ ಚರ್ಚಿಸಿರಿ. ಬಸ್ಸು ಹೊರಡಲು ತಡವಾದರೆ ಚಾಲಕರನ್ನು ಅವಸರಪಡಿಸಬೇಡಿರಿ.

ಯೋಚಿಸಿ ಉತ್ತರಿಸಿರಿ

1. ಪೊರೆಯ ವಿಸ್ತೀರ್ಣ 120 ಚದರ ಸೆಂಟಿಮೀಟರ್, ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಇದ್ದರೆ ಬಲವೆಷ್ಟು?
2. ಗಾಳಿಯಿಲ್ಲದ ಬಸ್ಸನ್ನು ತಳ್ಳಿದರೂ ಅದು ಏಕೆ ಅಲುಗದು?