ತಿಂಗಳು ನೋಡಿ ಒಲೆ ಹಚ್ಚಿ

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಗಾಗುವಾಗ ಊರಿಗೆ ಬಂದಿಳಿಯುತ್ತೀರಿ. ಬಂದದ್ದು ಸಂತೋಷ. ಆದರೆ ಕೈಕಾಲು ತೊಳೆಯುವ ಮೊದಲೇ ನಿಮ್ಮ ಪ್ರಶ್ನೆ ಶುರು: ‘ಪಂದಿ ಕರಿ ಉಂಟಾ? ಬೈಂಬಳೆ ಉಂಟಾ? ತಂಬುಟ್ಟು ಮಾಡ್ತೀರಾ?’ ಫೆಬ್ರವರಿಯ ಬಿಸಿಲಲ್ಲಿ ಬೈಂಬಳೆ ಎಲ್ಲಿಂದ ತರಲಿ? ಬಿದಿರು ಮೊಳೆಯಲು ಮಳೆ ಬೇಡವೇ? ಕೊಡಗಿನಲ್ಲಿ ಹುಟ್ಟಿದ ನಿಮಗೂ ಇದನ್ನು ಹೇಳಿಕೊಡುವ ಹಾಗಾಯಿತಲ್ಲ ಎಂದು ನನಗೆ ಬೇಸರ.

ನಮ್ಮ ಅಡುಗೆಗೆ ತಿಂಗಳಿದೆ, ಆ ತಿಂಗಳಿಗೆ ಗದ್ದೆಯ ಕೆಲಸವಿದೆ. ಎರಡನ್ನೂ ತಿಳಿದುಕೊಂಡು ಉಣ್ಣಿ ಎನ್ನುವುದಷ್ಟೇ ನನ್ನ ಮಾತು. ಪಾತ್ರೆ, ಒಲೆ, ಪುಡಿ ಎಲ್ಲ ನಿಮ್ಮ ನಗರದ ಮನೆಯಲ್ಲೂ ಇದೆ. ಇಲ್ಲದ್ದು ತಾಳ್ಮೆ ಒಂದೇ.

ಕಕ್ಕಡದಿಂದ ಶುರು ಮಾಡುತ್ತೇನೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಹರಡುವ ಈ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ, ಬಿಸಿಲಿನ ಮುಖ ಕಾಣುವುದೂ ಅಪರೂಪ. ಹಿಂದೆ ಇಡೀ ಊರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮಲ್ಲಿ ಕೈ ಕೆಸರಾದವರ ಬಾಯಿಗೆ ಸಿಗುತ್ತಿದ್ದದ್ದು ಏಡಿ ಕರಿ, ಅಣಬೆಯ ಕುಮ್ಮ್ ಕರಿ, ಬೈಂಬಳೆ ಕರಿ. ಚಳಿ ಹಿಡಿದ ಮೈಗೆ ಶಾಖ ಕೊಡುವ, ಖಾರ ಮುಂದಾದ ಊಟ ಇದು. ಏಡಿ ಗದ್ದೆಯ ಬದುವಿನಲ್ಲೇ ಸಿಗುತ್ತಿತ್ತು, ಅಣಬೆ ತೋಟದ ಹುತ್ತದ ಮೇಲೆ ಏಳುತ್ತಿತ್ತು. ಕೆಲಸ ಮಾಡಿದ ಜಾಗವೇ ಸಾರಿಗೂ ಕೊಡುತ್ತಿತ್ತು. ಅದಕ್ಕೇ ಹೇಳುವುದು, ಗದ್ದೆಗೂ ತೋಟಕ್ಕೂ ಕಣ್ಣುಮುಚ್ಚಿ ಔಷಧಿ ಸಿಂಪಡಿಸಿ ಆಮೇಲೆ ‘ಏಡಿ ಎಲ್ಲಿ ಹೋಯಿತು’ ಎಂದು ಕೇಳಬೇಡಿ.

ಬೈಂಬಳೆ, ಅಂದರೆ ಕಳಲೆ, ಕೈಗೆ ಸಿಕ್ಕ ಕೂಡಲೇ ಒಗ್ಗರಣೆಗೆ ಹಾಕುವ ತರಕಾರಿ ಅಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ನಮ್ಮ ಅವ್ವಂದಿರಿಗೆ ಆ ಹೆಸರು ಗೊತ್ತಿರಲಿಲ್ಲ, ಏನು ಮಾಡಬೇಕೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಹೊರಗಿನ ಸಿಪ್ಪೆ ಪೂರ್ತಿ ತೆಗೆಯಿರಿ, ಎಳೆಯ ಭಾಗವನ್ನು ತೆಳ್ಳಗೆ ಹೆಚ್ಚಿ, ನೀರಿನಲ್ಲಿ ಮುಳುಗಿಸಿಡಿ. ದಿನಕ್ಕೊಮ್ಮೆ ಆ ನೀರು ಚೆಲ್ಲಿ ಹೊಸ ನೀರು ತುಂಬಿ, ಎರಡು ಮೂರು ದಿನ ಹೀಗೇ ನಡೆಯಲಿ. ನಂತರ ಬೇಯಿಸಿ, ಬೇಯಿಸಿದ ನೀರನ್ನೂ ಚೆಲ್ಲಿ, ಆಮೇಲೆ ಮಸಾಲೆ. ‘ಒಂದು ರಾತ್ರಿ ನೆನೆಸಿದರೆ ಸಾಲದಾ?’ ಎಂದು ಕೇಳುತ್ತೀರಿ. ಸಾಲದು. ಆತುರಗಾರನಿಗೆ ಬುದ್ಧಿ ಮಟ್ಟ. ಇನ್ನೊಂದು ಮಾತು: ಬಿದಿರಿನ ಮೊಳಕೆ ಆನೆಗೂ ಇಷ್ಟ. ಮೀಸಲು ಅರಣ್ಯದೊಳಗೆ ನುಗ್ಗಿ ಕೀಳುವುದು ಕಾನೂನಿಗೂ ತಪ್ಪು, ಜೀವಕ್ಕೂ ಅಪಾಯ. ಸಂತೆಯಲ್ಲಿ ಗೊತ್ತಿರುವವರ ಹತ್ತಿರ ತೆಗೆದುಕೊಳ್ಳಿ, ಇಲ್ಲ ನಿಮ್ಮದೇ ತೋಟದಂಚಿನ ಬಿದಿರಿನಲ್ಲಿ ನಾಲ್ಕು ಮೊಳಕೆ ಕಿತ್ತು ಉಳಿದದ್ದು ಬೆಳೆಯಲು ಬಿಡಿ.

ಅಣಬೆಯ ವಿಷಯದಲ್ಲಿ ನಾನು ಜೋರಾಗಿಯೇ ಗದರುವವಳು. ಮೊಬೈಲಿನಲ್ಲಿ ಫೋಟೋ ತೆಗೆದು, ಅದೇ ಮೊಬೈಲನ್ನು ಕೇಳಿ, ತಿನ್ನಬಹುದು ಎಂದು ತೀರ್ಮಾನಿಸುವ ಕೆಲಸ ಖಂಡಿತ ಬೇಡ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ, ಬೆಳ್ಳುಳ್ಳಿ ಬಣ್ಣ ಬದಲಾಗದಿದ್ದರೆ ವಿಷವಿಲ್ಲ ಎಂಬ ಮಾತುಗಳನ್ನೂ ನಂಬಬೇಡಿ, ಅವು ಸುಳ್ಳು. ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ವರ್ಷ ವರ್ಷ ಅದೇ ಹುತ್ತದಿಂದ ಅದೇ ಅಣಬೆ ಕಿತ್ತು ತಿಂದ ಹಿರಿಯರು ನೋಡಿ ‘ಸರಿ’ ಎಂದರೆ ಮಾತ್ರ ಬುಟ್ಟಿಗೆ ಹಾಕಿ. ಅಂಥವರು ಯಾರೂ ಇಲ್ಲವೇ? ಆ ವರ್ಷ ಅಣಬೆ ತಿನ್ನದಿದ್ದರೆ ಏನೂ ಆಗುವುದಿಲ್ಲ.

ಇನ್ನು ಮದ್ದ್. ಆಗಸ್ಟ್ 3ಕ್ಕೆ ಬರುವ ಕಕ್ಕಡ 18ರಂದು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಅರೆಭಾಷೆ ಆಡುವ ಗೌಡರ ಮನೆಗಳಲ್ಲಿ ಇದೇ ದಿನ ಆಟಿ 18. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಒಂದು ದಿನ ನಮ್ಮ ಊರಲ್ಲಿ ನಡೆಯುವುದಿಲ್ಲ, ಅವತ್ತು ಎಲ್ಲರೂ ಹುಡುಕುವುದು ಹಿತ್ತಲ ಗಿಡವನ್ನೇ. ಸೊಪ್ಪನ್ನು ಕಡ್ಡಿ ಸಮೇತ ಕುದಿಸಿದರೆ ನೀರು ಕಡುನೇರಳೆಗೆ ತಿರುಗುತ್ತದೆ, ಮನೆಯೆಲ್ಲ ಘಮ. ಆ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನ ಹಾಲು ಸೇರಿದರೆ ಮದ್ದ್ ಪಾಯಸ. ಅಕ್ಕಿ ತರಿ ಹಾಕಿ ಬೇಯಿಸಿ ತಟ್ಟೆಗೆ ಹರಡಿದರೆ ಮದ್ದ್ ಪುಟ್ಟ್, ಅದರ ಮೇಲೆ ತುಪ್ಪ, ಜೇನು.

ಇಲ್ಲಿ ನೀವು ಮಾಡುವ ತಪ್ಪುಗಳನ್ನು ಹೇಳುತ್ತೇನೆ, ಸಿಟ್ಟಾಗಬೇಡಿ. ಗಿಡವನ್ನು ಬುಡ ಸಮೇತ ಕಿತ್ತು ಕಾರಿಗೆ ತುಂಬುತ್ತೀರಿ. ಬೇಡ, ಕತ್ತಿಯಿಂದ ಮೇಲಿನ ಕಡ್ಡಿಗಳನ್ನು ಮಾತ್ರ ಕೊಯ್ಯಿರಿ. ಗೆಣ್ಣಿರುವ ಒಂದು ಕಡ್ಡಿಯನ್ನು ನೆರಳಿನ ಕುಂಡದಲ್ಲಿ ಚುಚ್ಚಿಡಿ, ಮುಂದಿನ ವರ್ಷ ಸಂತೆಯ ಕಟ್ಟಿಗೆ ಕಾಯಬೇಕಿಲ್ಲ. ಪರಿಚಯವಿಲ್ಲದ ಸೊಪ್ಪನ್ನು ಅದೇ ಎಂದುಕೊಂಡು ಕುದಿಸಬೇಡಿ, ಬಣ್ಣ ಬಿಡದಿದ್ದರೆ ಅದು ಮದ್ದು ಸೊಪ್ಪಲ್ಲ. ಒಳ್ಳೆಯದೆಂದು ಮೂರು ಹೊತ್ತೂ ಬಟ್ಟಲುಗಟ್ಟಲೆ ಕುಡಿಯಬೇಡಿ. ಗರ್ಭಿಣಿಯರು, ದಿನಾ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಮುಟ್ಟಿ. ಮಾರನೆಯ ದಿನ ಮೂತ್ರ ಕೆಂಪಗೆ ಹೋದರೆ ಗಾಬರಿಯಾಗಬೇಡಿ, ಅದು ಸೊಪ್ಪಿನ ಬಣ್ಣ. ಹೊರಗಿನಿಂದ ಬಂದ ಸೊಸೆ, ಅಳಿಯಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ. ನಮ್ಮ ಮನೆಯಲ್ಲಿ ಹೇಳಲು ಮರೆತು, ಬೆಳಗಿನ ಜಾವ ಹುಡುಗನೊಬ್ಬ ಮುಖ ಬಿಳಿಚಿಕೊಂಡು ಕೂತಿದ್ದ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಕಾಚಂಪುಳಿಗೆ ಬರೋಣ. ನಮ್ಮ ಅಡುಗೆಯ ಜೀವ ಅದು. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪಣಪುಳಿಯನ್ನು ಬುಟ್ಟಿಯಲ್ಲಿ ಕೂಡಿಹಾಕಿ, ಕೆಳಗೆ ಇಳಿದ ರಸವನ್ನು ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಮಂದವಾಗುವ ತನಕ ಒಲೆಯ ಮುಂದೆ ಕೂತು ಮಾಡುವ ಹುಳಿ. ಬುಟ್ಟಿ ತುಂಬ ಹಣ್ಣಿಗೆ ಸಿಗುವುದು ಸ್ವಲ್ಪವೇ. ಆದ್ದರಿಂದ ರಸ್ತೆ ಬದಿ ಅಗ್ಗಕ್ಕೆ ಸಿಗುವ, ನೀರಿನ ಹಾಗೆ ಅಲುಗಾಡುವ ಬಾಟಲಿ ನೋಡಿ ಮರುಳಾಗಬೇಡಿ. ಅಪ್ಪಟ ಕಾಚಂಪುಳಿ ಗಾಜಿಗೆ ಅಂಟಿಕೊಂಡು ನಿಧಾನ ಇಳಿಯುತ್ತದೆ. ಗಾಜಿನಲ್ಲೋ ಭರಣಿಯಲ್ಲೋ ಇಡಿ, ವರ್ಷಗಟ್ಟಲೆ ಇರುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಹಾಕಲೇಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ. ಒದ್ದೆ ಚಮಚ ಅದ್ದುವ ಅಭ್ಯಾಸವನ್ನೂ ಬಿಡಿ.

ಪಂದಿ ಕರಿಗೆ ಅದು ಬೀಳಬೇಕಾದ್ದು ಕೊನೆಗೆ. ಮಾಂಸ ತನ್ನ ಕೊಬ್ಬಿನಲ್ಲೇ ಪೂರ್ತಿ ಬೆಂದು, ಹುರಿದ ಪುಡಿ ಸೇರಿದ ಮೇಲೆ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಚೂರು ಮೆಂತೆ, ಇವನ್ನು ಸಣ್ಣ ಉರಿಯಲ್ಲಿ ಕಾಫಿ ಬೀಜದ ಬಣ್ಣ ಬರುವ ತನಕ ಹುರಿಯಿರಿ, ಕರಕಾಗಿಸಬೇಡಿ. ಕಾಚಂಪುಳಿ ಮೊದಲು ಒಂದು ಚಮಚ ಹಾಕಿ ರುಚಿ ನೋಡಿ, ಬೇಕಾದರೆ ಇನ್ನರ್ಧ. ಹುಳಿ ಹೆಚ್ಚಾದರೆ ಸರಿಮಾಡುವ ದಾರಿ ಇಲ್ಲ. ಟೊಮೆಟೊ ಹಾಕಿ, ಗೋಡಂಬಿ ಅರೆದು, ಕೆನೆ ಸುರಿದು ಮಾಡಿದ್ದಕ್ಕೆ ಬೇರೆ ಹೆಸರು ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಮಾಂಸವನ್ನು ಅರೆಬರೆ ಬೇಯಿಸಬೇಡಿ, ಹಂದಿ ಪೂರ್ತಿ ಬೇಯಲೇಬೇಕು. ‘ಕಾಡುಹಂದಿಯದ್ದೇ ರುಚಿ’ ಎಂದು ಹಳೆಯ ಕಾಲದ ಕಥೆ ಕೇಳಿ ಆಸೆಪಡುವವರಿಗೂ ಒಂದು ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಸಾಕಿದ ಹಂದಿಯಲ್ಲೇ ಒಳ್ಳೆಯ ಕರಿ ಮಾಡುವುದನ್ನು ಕಲಿಯಿರಿ.

ಪಂದಿ ಕರಿಯ ಜೊತೆಗಿನ ಕಡಂಬುಟ್ಟು ಒಡೆಯುತ್ತದೆ ಎಂದು ದೂರು ಹೇಳುವವರು ಬಹಳ. ಅಕ್ಕಿ ತರಿ ಒಂದಕ್ಕೆ ನೀರು ಎರಡು. ನೀರೆಲ್ಲ ಹೀರಿದ ಮೇಲೆ ಬಿಸಿ ಇರುವಾಗಲೇ ಕೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಿ, ಆಮೇಲೆ ಹಬೆಗೆ ಇಡಿ. ಕೈ ಸುಡುತ್ತದೆ ಎಂದು ತಣ್ಣಗಾಗಲು ಬಿಟ್ಟರೆ ಒಡೆಯದೆ ಇನ್ನೇನು?

ನಾಟಿ ಮುಗಿದು ನೇಗಿಲಿಗೆ ಬಿಡುವು ಸಿಗುವ ಹೊತ್ತಿಗೆ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್, ಹೆಚ್ಚಿನ ಕಡೆ ಸೆಪ್ಟೆಂಬರ್ 3ರಂದು. ಕೃಷಿಯ ಸಲಕರಣೆ, ಒಡಿಕತ್ತಿ, ಪೀಚೆಕತ್ತಿ, ತೋಕ್ ಅಂದರೆ ಬಂದೂಕು, ಎಲ್ಲ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಬರುತ್ತವೆ. ಗತಿಸಿದ ಹಿರಿಯರಾದ ಕಾರಣವರಿಗೆ ಮೀದಿ, ಅಂದರೆ ಎಡೆ, ಇಟ್ಟ ಮೇಲೆಯೇ ಉಳಿದವರ ಎಲೆ. ಈ ದಿನ ಹುಡುಗರಿಗೆ ಎರಡು ಎಚ್ಚರಿಕೆ. ಒಂದು, ಬಂದೂಕಿಗೆ ಸಿಕ್ಕಿಸುವ ಆ ಚೆಂದದ ತೋಕ್ ಪೂ ವಿಷದ ಗಿಡದ್ದು, ಗಡ್ಡೆಯಂತೂ ಕಡುವಿಷ. ಮಕ್ಕಳ ಬಾಯಿಗೆ ಹೋಗದಂತೆ ನೋಡಿ, ಮುಟ್ಟಿದ ಕೈ ತೊಳೆಸಿ. ಎರಡು, ಬಂದೂಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿದೆ. ನಂಬಿ ಕೊಟ್ಟ ಹಕ್ಕು ಅದು. ಕುಡಿದ ಕೈ ತೋಕ್ ಮುಟ್ಟಬಾರದು. ಪೂಜೆಗೆ ಇಡುವ ಮೊದಲು ಖಾಲಿ ಇದೆಯೇ ಎಂದು ಇಬ್ಬರು ನೋಡಬೇಕು. ತೆಂಗಿನಕಾಯಿಗೆ ಗುಂಡು ಹೊಡೆಯುವ ತೆಂಗೆ ಬೊಡಿಗೆ ಗುರಿ ಕಟ್ಟುವಾಗ ಹಿಂದೆ ಮಣ್ಣಿನ ದಿಣ್ಣೆ ಇರಲಿ, ರಸ್ತೆ ಇರಬಾರದು. ಮದುವೆ ಮನೆಯಲ್ಲಿ ಫೋಟೋಗೆಂದು ಬಂದೂಕು ಬೀಸುವುದನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಅಕ್ಟೋಬರಿನ ಕಾವೇರಿ ಸಂಕ್ರಮಣಕ್ಕೆ ಮಾಂಸ ಇಲ್ಲ. ದೋಸೆ, ಕುಂಬಳಕಾಯಿ ಕರಿ, ಪಾಯಸ. ತಲಕಾವೇರಿಗೆ ಹೋಗುವವರು ತೀರ್ಥಕ್ಕೆ ಮನೆಯಿಂದಲೇ ಚೊಂಬು ಒಯ್ಯಿರಿ, ಪ್ಲಾಸ್ಟಿಕ್ ಬಾಟಲಿ ಕೊಂಡು, ಹಳೆಯದನ್ನು ಬೆಟ್ಟದ ಮೇಲೆ ಬಿಸಾಡಿ ಬರಬೇಡಿ. ಅಮ್ಮ ಎಂದು ಕೈಮುಗಿದು ಅವಳ ಹುಟ್ಟಿದ ಮನೆಯಲ್ಲೇ ಕಸ ಸುರಿಯುವುದು ಯಾವ ಭಕ್ತಿ?

ಆಟದ ವಿಷಯ ಬಿಟ್ಟರೆ ನೀವೇ ಮುನಿಸಿಕೊಳ್ಳುತ್ತೀರಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಮೊಮ್ಮಗಳು, ಸೋದರತ್ತೆ ಒಂದೇ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುವುದು ಬೇರೆಲ್ಲಿದೆ? ಆದರೆ ಮೂರು ದಿನ ಮುಂಚೆ ಕೋಲು ಹುಡುಕಿ, ಅಭ್ಯಾಸವಿಲ್ಲದೆ ಓಡಿ ಮೊಣಕಾಲು ಮುರಿದುಕೊಳ್ಳಬೇಡಿ. ಒಂದು ತಿಂಗಳು ಮೊದಲೇ ನಡೆದಾಡಿ, ಮೈ ಪಳಗಿಸಿ. ಸೋತರೆ ಅಂಪೈರನ್ನು ಬೈಯಬೇಡಿ, ಅವರೂ ಯಾರದೋ ಒಕ್ಕದ ಮಕ್ಕಳೇ.

ಸುಗ್ಗಿಯ ಹಬ್ಬ ಪುತ್ತರಿಗಂತೂ ಬನ್ನಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹಬ್ಬದ ದಿನ, ಕದಿರು ತೆಗೆಯುವ ಹೊತ್ತು ನಿಶ್ಚಯವಾಗುತ್ತದೆ. ಅದು ನಿಮ್ಮ ರಜೆ ನೋಡಿ ಬರುವುದಿಲ್ಲ, ನೀವೇ ಅದನ್ನು ನೋಡಿ ರಜೆ ಹಾಕಿ. ಊಟ ಆದ ಮೇಲೆ ಬಂದು ತಂಬುಟ್ಟು ತಿಂದು ಹೊರಡುವವರು ಹಬ್ಬಕ್ಕೆ ಬಂದವರಲ್ಲ. ಸಂಜೆಯೇ ಬಂದು ಐದು ಬಗೆಯ ಎಲೆ ತಂದು ನೆರೆ ಕಟ್ಟಲು ಕೈಜೋಡಿಸಿ, ದೀಪದ ಹಿಂದೆ ಗದ್ದೆಗೆ ನಡೆಯಿರಿ. ‘ಪೊಲಿ ಪೊಲಿ ದೇವಾ’ ಎಂದು ಕೂಗುವಾಗ ಕೈಯಲ್ಲಿ ಮೊಬೈಲ್ ಹಿಡಿದು ಪಿಸುಗುಟ್ಟಿದರೆ ಸಾಲದು, ಗಂಟಲು ತೆಗೆದು ಕೂಗಿ. ಊರ ಬಯಲಾದ ಮಂದ್‌ನಲ್ಲಿ ಕೋಲಾಟ ನಡೆಯುವಾಗ ನಡುವೆ ನುಗ್ಗಿ ವಿಡಿಯೊ ತೆಗೆಯಬೇಡಿ. ಹೆಜ್ಜೆ ಗೊತ್ತಿಲ್ಲದಿದ್ದರೆ ಅಂಚಿನಲ್ಲಿ ನಿಂತು ಎರಡು ಸುತ್ತು ನೋಡಿ, ಹಿರಿಯರೇ ಕರೆಯುತ್ತಾರೆ. ನಮ್ಮ ಎಷ್ಟೋ ಗದ್ದೆಗಳು ಈಗ ಪಾಳು ಬಿದ್ದಿವೆ, ಕದಿರಿಗೆ ಪಕ್ಕದವರ ಗದ್ದೆಗೆ ಹೋಗುವ ಮನೆಗಳೂ ಇವೆ. ಅಂಥ ಮನೆ ನಿಮ್ಮದಾದರೆ ಒಂದು ಮಡಿಯನ್ನಾದರೂ ನಾಟಿ ಮಾಡಿಸಿ, ನಾಟಿಯ ದಿನ ನೀವೂ ಇಳಿಯಿರಿ.

ತಂಬುಟ್ಟು ಕಲಿಯುವ ಆಸೆ ಇದ್ದವರು ಅಡುಗೆಮನೆಯಲ್ಲಿ ನಿಲ್ಲಿ. ಪೂರ್ತಿ ಹಣ್ಣಾದ ಬಾಳೆಯನ್ನು ಗಂಟಿಲ್ಲದೆ ಕಿವುಚಬೇಕು. ಅಕ್ಕಿ, ಮೆಂತೆ, ಏಲಕ್ಕಿ ಹುರಿದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಮೇಲೆ ತುಪ್ಪ, ಹುರಿದ ಎಳ್ಳು, ತೆಂಗಿನ ತುರಿ. ಪುಡಿ ಎಷ್ಟು ಎಂದು ಕೇಳಿದರೆ ನಿಮ್ಮ ಅವ್ವ ‘ಒಂದು ಹಿಡಿ, ನೋಡಿಕೊಂಡು’ ಅನ್ನುತ್ತಾರೆ. ಹೇಳಿಕೊಡುವುದಿಲ್ಲ ಎಂದು ಬೇಸರ ಮಾಡಬೇಡಿ, ಅವರ ಅಳತೆಯೇ ಅದು. ಈ ಸಲ ಒಂದು ಲೋಟ ಹಿಡಿದು ಪಕ್ಕದಲ್ಲಿ ನಿಲ್ಲಿ. ಅವರ ಹಿಡಿ ಪಾತ್ರೆಗೆ ಬೀಳುವ ಮೊದಲು ಆ ಲೋಟಕ್ಕೆ ಹಾಕಿಸಿ, ಎಷ್ಟು ತುಂಬಿತೆಂದು ಗುರುತು ಹಾಕಿಕೊಳ್ಳಿ.