ಕಾಣದ ಊರಿನ ಗೆಳೆಯರು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ ಸತ್ತೂರ ಸಿಗುತ್ತದೆ. ಇಲ್ಲಿ ವೈದ್ಯಕೀಯ ಹಾಗೂ ದಂತವೈದ್ಯಕೀಯ ಮಹಾವಿದ್ಯಾಲಯಗಳಿವೆ. ದೂರದ ಊರುಗಳಿಂದ ಬಂದ ವಿದ್ಯಾರ್ಥಿಗಳು ವಸತಿನಿಲಯಗಳಲ್ಲಿದ್ದು ಓದುತ್ತಾರೆ. ಸಂಜೆ ಆಡಬೇಕೆನಿಸಿದರೆ ಇಂದಿನ ತರುಣರು ಬಯಲಿಗೇ ಇಳಿಯಬೇಕೆಂದಿಲ್ಲ. ಕೈಯಲ್ಲಿನ ಮೊಬೈಲು ಸಾಕು. ಜೊತೆಗಾರರಲ್ಲಿ ಒಬ್ಬನು ಬೀದರಿನಲ್ಲಿರಬಹುದು, ಇನ್ನೊಬ್ಬನು ಸಮುದ್ರದಾಚೆ ಇರಬಹುದು. ಹೀಗೆ ಮುಖ ಕಾಣದೆ ಕೂಡಿ ಆಡಿದವರು ನಿಜವಾದ ಗೆಳೆಯರಾಗಬಲ್ಲರೆ? ಮೊಬೈಲು ಆರಿದೊಡನೆ ಆ ಗೆಳೆತನವೂ ಆರಿಹೋಗುವುದೆಂದು ಹಿರಿಯರು ಹೇಳುವುದುಂಟು.

ದೂರದಲ್ಲಿದ್ದು ಆಡುವುದು ಹೊಸತೇನೂ ಅಲ್ಲ. ಅಂತರ್ಜಾಲಕ್ಕೆ ಬಹು ಹಿಂದೆಯೇ ಚದುರಂಗದ ಆಟಗಾರರು ಒಂದೊಂದು ನಡೆಯನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸುತ್ತಿದ್ದರು. ಒಂದು ಆಟ ಮುಗಿಯಲು ವರ್ಷಗಳೇ ಹಿಡಿಯುತ್ತಿದ್ದುದುಂಟು. ಹಣವನ್ನು ಪಣವಿಟ್ಟು ಆಡುವ ಆಟಗಳ ಮಾತು ಬೇರೆ. ಅಂತಹ ಅಂತರ್ಜಾಲದ ಆಟಗಳನ್ನು 2025ರಲ್ಲಿ ನಮ್ಮ ಸಂಸತ್ತು ಕಾಯಿದೆಯ ಮೂಲಕ ನಿಷೇಧಿಸಿತು. ಅಲ್ಲಿ ಎದುರಾಳಿಯ ಜೇಬಿನ ಮೇಲೆಯೇ ಕಣ್ಣು. ಸ್ನೇಹಕ್ಕೆ ಎಡೆ ಎಲ್ಲಿ?

ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ತರುಣನ ಬಾಳು ಈ ವಿಷಯದಲ್ಲಿ ಗಮನಾರ್ಹವಾದುದು. ಅವನು ಹುಟ್ಟಿದ್ದು 1989ರಲ್ಲಿ. ಸ್ನಾಯುಗಳನ್ನು ಕ್ರಮೇಣ ಕ್ಷೀಣಗೊಳಿಸುವ ಡುಷೆನ್ ಎಂಬ ರೋಗ ಅವನನ್ನು ಬಾಲ್ಯದಲ್ಲಿಯೇ ಗಾಲಿಕುರ್ಚಿಗೆ ಕಟ್ಟಿಹಾಕಿತು. ಬೆರಳುಗಳಲ್ಲಿ ಮಾತ್ರ ಒಂದಿಷ್ಟು ಚಲನೆ ಉಳಿದಿತ್ತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಅವನು ಇಬೆಲಿನ್ ಎಂಬ ಹೆಸರು ಧರಿಸಿದನು. ಆ ಕಲ್ಪನೆಯ ನಾಡಿನಲ್ಲಿ ಇಬೆಲಿನ್ ನಡೆಯಬಲ್ಲನು, ಓಡಬಲ್ಲನು! ಮಗನು ಒಂಟಿಯಾಗಿ ದಿನ ಕಳೆಯುತ್ತಿರುವನೆಂದು ತಂದೆತಾಯಿಗಳು ಒಳಗೊಳಗೇ ನೊಂದರು.

2014ರ ನವೆಂಬರಿನಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ಮ್ಯಾಟ್ಸ್ ತೀರಿಕೊಂಡನು. ತಂದೆ ಆ ಸುದ್ದಿಯನ್ನು ಮಗನ ಅಂತರ್ಜಾಲದ ಪುಟದಲ್ಲಿ ಬರೆದರು. ಬೇರೆ ಬೇರೆ ದೇಶಗಳಿಂದ ಸಂತಾಪದ ಪತ್ರಗಳು ಬರತೊಡಗಿದವು. ಬರೆದವರಲ್ಲಿ ಹಲವರು 'ಸ್ಟಾರ್‌ಲೈಟ್' ಎಂಬ ಆಟದ ತಂಡಕ್ಕೆ ಸೇರಿದವರು. ನೆದರ್‌ಲ್ಯಾಂಡ್ಸಿನ ಹುಡುಗಿಯೊಬ್ಬಳ ಕಂಪ್ಯೂಟರನ್ನು ಅವಳ ಹೆತ್ತವರು ತೆಗೆದಿರಿಸಿದಾಗ ಮ್ಯಾಟ್ಸ್ ಅವರಿಗೇ ಪತ್ರ ಬರೆದು ಅವಳ ಪರವಾಗಿ ವಾದಿಸಿದ್ದನು. ಡೆನ್ಮಾರ್ಕಿನ ತಾಯಿಯೊಬ್ಬಳಿಗೆ ಆಟಿಸಂ ಉಳ್ಳ ಮಗನೊಡನೆ ಬೆರೆಯುವುದು ಕಷ್ಟವಾಗಿತ್ತು. ಮಗನ ಸಂಗಡ ತಾನೂ ಆಟಕ್ಕಿಳಿಯುವಂತೆ ಮ್ಯಾಟ್ಸ್ ಅವಳಿಗೆ ಸಲಹೆ ಮಾಡಿದನು. ತಾಯಿಮಕ್ಕಳ ನಡುವಣ ಅಂತರ ಕಡಿಮೆಯಾಯಿತು.

ಇವನೇನು ಎಲ್ಲ ವೇಳೆಯಲ್ಲಿಯೂ ಸಾಧುವಾಗಿದ್ದವನಲ್ಲ. ತನ್ನ ರೋಗವನ್ನು ಗೆಳೆಯರಿಂದ ಬಹುಕಾಲ ಮರೆಮಾಡಿದನು. ಕೆಲವೊಮ್ಮೆ ಕಟುವಾಗಿ ಮಾತನಾಡಿ ಅವರನ್ನು ನೋಯಿಸಿದನು. ಆದರೂ ಅವರು ದೂರವಾಗಲಿಲ್ಲ. ಮನುಷ್ಯ ಸ್ನೇಹದ ಗುಣವೇ ಇದಲ್ಲವೆ? ಕೂಡಿ ಗೆದ್ದ ಆಟಗಳಿಗಿಂತ ಕ್ಷಮಿಸಿದ ಮಾತುಗಳೇ ಇಲ್ಲಿ ಹೆಚ್ಚು ತೂಗುತ್ತವೆ.

ತಂಡದ ಐವರು ತಮ್ಮ ದೇಶಗಳಿಂದ ಹೊರಟು ಅವನ ಅಂತ್ಯಕ್ರಿಯೆಗೆ ಬಂದರು. ಅವನ ಹೆತ್ತವರು ಅವರನ್ನು ಕಂಡದ್ದು ಅದೇ ಮೊದಲು. 2024ರಲ್ಲಿ ಅವನ ಬದುಕನ್ನು ಕುರಿತ ಸಾಕ್ಷ್ಯಚಿತ್ರವೊಂದು ತೆರೆಕಂಡಿತು. ಅವನು ತೀರಿಕೊಂಡ ಮೇಲೂ ಸ್ಟಾರ್‌ಲೈಟ್ ತಂಡದವರು ಆ ಆಟದ ನಾಡಿನಲ್ಲಿಯೇ ವರ್ಷಕ್ಕೊಮ್ಮೆ ಒಂದೆಡೆ ನೆರೆದು ಇಬೆಲಿನನನ್ನು ನೆನೆದರು.