ವಿಕಲಚೇತನ ಮಗುವಿಗೂ ಆಟ ಬೇಕು

ಸೇಡಂ ಕಡೆಯ ತಾಯಿಯೊಬ್ಬರು ಐದು ವರ್ಷದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ದವಾಖಾನೆಗೆ ಬಂದಿದ್ದರು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿಯಾದ ಮಗು. ಮಾಲೀಶಿಗೆ ರೋಗನ್ ಕೇಳಿದರು. "ಮನೆಯಲ್ಲಿ ಏನು ಆಟ ಆಡ್ತಾನೆ?" ಎಂದೆ. "ಅವನಿಗೆ ಆಟ ಎಲ್ಲಿ ಬರ್ತದ್ರಿ ಹಕೀಮ್ ಸಾಬ್? ಮೊದಲು ಆರಾಮ ಆಗಲಿ" ಎಂದರು.

ಇಂಥ ಮಾತು ನಾನು ಆಗಾಗ ಕೇಳುತ್ತೇನೆ. ಮಾಲೀಶಿನಿಂದ ಮೈಗೆ ಹಿತವಾಗಬಹುದು. ಆದರೆ ಮೆದುಳಿಗಾದ ಪೆಟ್ಟನ್ನು ಯಾವ ಎಣ್ಣೆಯೂ ಸರಿಪಡಿಸುವುದಿಲ್ಲ. ಗುಣವಾಗಲೆಂದು ಕಾಯುತ್ತಾ ಕುಳಿತರೆ ಬಾಲ್ಯವೇ ಮುಗಿದುಹೋಗುತ್ತದೆ.

ಯೂನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವೆಂದು ಹೇಳುವ ಆರು ಸಂಗತಿಗಳಲ್ಲಿ ದೇಹದ ಚಲನೆಯೂ ಇದೆ, ಮನಸ್ಸಿನ ಚಲನೆಯೂ ಇದೆ. ಶಿಶುವಿಗೆ ತೊಟ್ಟಿಲು ತೂಗುವುದೂ ಬೇಕು, ಜೋಗುಳವೂ ಬೇಕು. ಒಂದು ದೇಹಕ್ಕೆ, ಇನ್ನೊಂದು ಮನಸ್ಸಿಗೆ ಎಂದು ಇಬ್ನ್ ಸೀನಾ 'ಅಲ್ ಕಾನೂನ್'ನಲ್ಲಿ ಹೇಳಿದ್ದಾರೆ. ಆಟ ಎರಡನ್ನೂ ಒಟ್ಟಿಗೆ ಕೊಡುತ್ತದೆ.

ಮೊದಲು ಕೂರಿಸಿ

ಸರಿಯಾಗಿ ಕೂರದ ಮಗುವಿಗೆ ಆಡಲು ಕೈ ಬಿಡುವಾಗುವುದಿಲ್ಲ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ತಣ್ಣಗೆ, ಗಟ್ಟಿ. ಅದರ ಮೇಲೆ ದಪ್ಪ ಕೌದಿ ಹಾಸಿ. ಎರಡು ಗೋಡೆ ಸೇರುವ ಮೂಲೆಯಲ್ಲಿ ಮಗುವನ್ನು ಕೂರಿಸಿ, ಎರಡೂ ಬದಿಗೆ ದಿಂಬು ಇಡಿ. ಕುತ್ತಿಗೆ ನಿಲ್ಲದ ಮಗುವನ್ನು ನಿಮ್ಮ ಎದೆಗೆ ಒರಗಿಸಿಕೊಂಡು ಆಡಿಸಿ; ಸೀರೆಯ ಜೋಕಾಲಿಯಲ್ಲಿ ಒಂಟಿಯಾಗಿ ಬಿಡಬೇಡಿ.

ಮನೆಯಲ್ಲೇ ಇರುವ ಆಟಿಕೆಗಳು

* ಕೈ ಬಿಗಿಯಾದ ಮಗುವಿಗೆ: ಅಗಲ ತಟ್ಟೆಯಲ್ಲಿ ತೊಗರಿ ಅಥವಾ ಜೋಳ ಹಾಕಿ, ಅದರಲ್ಲಿ ಒಂದು ಲೋಟ ಹುದುಗಿಸಿ ಹುಡುಕಿಸಿ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸಿಗುತ್ತದೆ.
* ಕಣ್ಣು ಕಾಣದ ಮಗುವಿಗೆ: ಬಟ್ಟೆಯ ಚೆಂಡಿನೊಳಗೆ ಗೆಜ್ಜೆ ಇಟ್ಟು ಭದ್ರವಾಗಿ ಹೊಲಿಯಿರಿ. ಸದ್ದು ಹಿಡಿದು ಅದು ಚೆಂಡಿನತ್ತ ಬರುತ್ತದೆ.
* ಕಿವಿ ಕೇಳದ ಮಗುವಿಗೆ: ಕನ್ನಡಿಯ ಮುಂದೆ ಮುಖಭಾವದ ಆಟ. ಡಬ್ಬಿ ಬಾರಿಸಿ, ಅದರ ಮೇಲೆ ಮಗುವಿನ ಅಂಗೈ ಇಟ್ಟು ಕಂಪನ ತೋರಿಸಿ.
* ಬುದ್ಧಿ ನಿಧಾನವಾದ ಮಗುವಿಗೆ: ಡಬ್ಬಿಗೆ ಮುಚ್ಚಳ ಜೋಡಿಸುವುದು, ಒಗೆದ ಬಟ್ಟೆಯಲ್ಲಿ ಒಂದೇ ಬಣ್ಣದವನ್ನು ಆರಿಸುವುದು.

ಖಾಲಿ ರಟ್ಟಿನ ಡಬ್ಬಿಗಳ ಲಗೋರಿ ಎಲ್ಲ ಮಕ್ಕಳಿಗೂ ಆಗುತ್ತದೆ. ಅಣ್ಣ ತಮ್ಮ, ಅಕ್ಕ ತಂಗಿಯರನ್ನೂ ಸೇರಿಸಿ. ಎರಡು ವಸ್ತು ತೋರಿಸಿ, ಯಾವುದು ಬೇಕೆಂದು ಕೇಳಿ. ಕಣ್ಣಿನಿಂದ ಆರಿಸಿದರೂ ಸಾಕು. ಮಗು ಮುಖ ತಿರುಗಿಸಿದರೆ ಆಟ ನಿಲ್ಲಿಸಿ. ಸಲಕ್ಕೆ ಹತ್ತು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ಆಡಿಸಿ.

ಶುಚಿ, ಎಚ್ಚರಿಕೆ

ಏನು ಸಿಕ್ಕರೂ ಬಾಯಿಗೆ ಹಾಕುವ ಮಗುವಿಗೆ ಕಾಳಿನ ಆಟ ಬೇಡ. ಕಾಳು ಉಸಿರುನಾಳಕ್ಕೆ, ಮೂಗಿಗೆ, ಕಿವಿಗೆ ಹೋಗಬಹುದು. ದೊಡ್ಡವರು ಪಕ್ಕದಲ್ಲೇ ಇರಬೇಕು. ಜೊಲ್ಲು ಹತ್ತಿದ ಆಟಿಕೆಯನ್ನು ಪ್ರತಿದಿನ ಸೋಪಿನಿಂದ ತೊಳೆದು ಬಿಸಿಲಿಗಿಡಿ. ವಾಡಿ, ಶಹಾಬಾದ್ ಭಾಗದಲ್ಲಿ ಕಲ್ಲಿನ ಗಣಿ, ಸಿಮೆಂಟ್ ಕೆಲಸದಿಂದ ಮನೆಗೆ ಬರುವ ತಂದೆಯರು ಮೊದಲು ಕೈಮುಖ ತೊಳೆದು, ಧೂಳಿನ ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ನೆರವು ಎಲ್ಲಿ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶಾಲೆಗೆ ಹೋಗಲಾಗದ ಮಗುವಿಗೆ ಸಮಗ್ರ ಶಿಕ್ಷಣದಡಿ ಗೃಹಾಧಾರಿತ ಶಿಕ್ಷಣವಿದೆ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ಬೌದ್ಧಿಕ ವಿಕಲಚೇತನರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲಿದೆ. ವಾಡಿ, ಚಿತ್ತಾಪುರ, ಸೇಡಂನವರಿಗೆ ಅಲ್ಲಿಗೆ ರೈಲು ದಾರಿಯಿದೆ. ಕಲಿಕಾ ಸಾಮಗ್ರಿಯ ಪೆಟ್ಟಿಗೆ ಕೇಂದ್ರದ ಎಡಿಪ್ ಯೋಜನೆಯಡಿ ಸಿಗುತ್ತದೆ. ಸನ್ನತಿಯಂಥ ಹಳ್ಳಿಯವರು ಯುಡಿಐಡಿ ಕಾರ್ಡಿನ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಫಿಜಿಯೋಥೆರಪಿ, ಮೂರ್ಛೆಯ ಗುಳಿಗೆ ಯಾವುದನ್ನೂ ಆಟದ ನೆಪದಲ್ಲಿ ನಿಲ್ಲಿಸಬೇಡಿ.

ಆ ತಾಯಿಗೆ ರೋಗನ್ ಕೊಟ್ಟೆ. ಜೊತೆಗೆ ಗೆಜ್ಜೆಯ ಚೆಂಡು ಹೊಲಿಯುವುದನ್ನೂ ಹೇಳಿದೆ. ಮುಂದಿನ ಸಲ ಬಂದಾಗ ಅವರು ಹೇಳಿದ್ದು ಇಷ್ಟು: "ಕೈ ಹಂಗೇ ಅದರಿ. ಆದ್ರ ಚೆಂಡು ತಾ ಅಂತ ಜಗಳ ಮಾಡ್ತಾನ." ಅಲ್‌ಹಮ್ದುಲಿಲ್ಲಾಹ್, ಬೇಕೆಂದು ಜಗಳ ಮಾಡುವ ಮಗು ಆಟಕ್ಕೆ ಬಂದ ಮಗು. ನಿಮ್ಮ ಮನೆಯಲ್ಲೂ ಇಂದೇ ಕೌದಿ ಹಾಸಿ.